ಹಳೆ ಕಂಪ್ಯೂಟರ್ ಇಟ್ಟುಕೊಂಡವರನ್ನು ಬೈಯಬೇಡಿ, ಬೀಗ ಹಾಕಿ ಹೋದವರನ್ನು ಕೇಳಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತಲ್ಲ, ಆಗಿನಿಂದ ಎಲ್ಲಿ ನೋಡಿದರೂ ಒಂದೇ ಉಪದೇಶ. ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕಿ, ಹೊಸದು ತಗೊಳ್ಳಿ. ಹೇಳುವವರಿಗೆ ಸುಲಭ. ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿಯನ್ನೇ ನಂಬಿ ಬದುಕುತ್ತಿರುವವನು ನಾನು, ಮಂಡ್ಯದ ಕಡೆಗೂ ಆಗಾಗ ಕೆಲಸಕ್ಕೆ ಹೋಗುತ್ತೇನೆ. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ ವಿಂಡೋಸ್ 10ರ ತನಕವೂ ಬಂದೇ ಇಲ್ಲ. 2001ರಲ್ಲಿ ಬಂದ ಎಕ್ಸ್‌ಪಿಯಲ್ಲೇ ಇದ್ದಾರೆ. ಕೆಲವರು ವಿಂಡೋಸ್ 98ರಲ್ಲಿದ್ದಾರೆ. ಇನ್ನು ಕೆಲವರ ಅಂಗಡಿಯಲ್ಲಿ ಈಗಲೂ ಬೆಳಗ್ಗೆ ಸ್ವಿಚ್ ಹಾಕಿದರೆ ವಿಂಡೋಸ್‌ಗೂ ಮುಂಚಿನ, ಕಪ್ಪು ಪರದೆಯ ಡಾಸ್ ಬರುತ್ತದೆ.

ಇವರನ್ನು ಜಿಪುಣರು, ಹಳೇ ಕಾಲದವರು, ಕಲಿಯುವ ಮನಸ್ಸಿಲ್ಲದವರು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅದು ಸುಳ್ಳು ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮಂಡ್ಯದ ಬೆಲ್ಲದ ಮಂಡಿಯ ಒಬ್ಬ ಯಜಮಾನರ ವಿಷಯ ಕೇಳಿ. ಅವರ ಹತ್ತಿರ ಫಾಕ್ಸ್‌ಪ್ರೋ ಎಂಬ ಹಳೆ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದ ಒಂದು ಲೆಕ್ಕದ ಪ್ರೋಗ್ರಾಂ ಇದೆ. ತೊಂಬತ್ತರ ದಶಕದಲ್ಲಿ ಊರಿನದೇ ಒಬ್ಬ ಹುಡುಗ ಬರೆದುಕೊಟ್ಟದ್ದು. ಆ ಹುಡುಗ ಮಂಡಿಯಲ್ಲೇ ಕೂತು, ಹರಾಜು ಹೇಗೆ ನಡೆಯುತ್ತದೆ, ರೈತರ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಹೇಗೆ ಬರೆಯುತ್ತಾರೆ ಅಂತ ನೋಡಿ ನೋಡಿ ಬರೆದಿದ್ದಾನೆ. ಅದಕ್ಕೆ ಬೆಲ್ಲದ ಬಗೆಗಳೆಲ್ಲ ಗೊತ್ತು, ಅಚ್ಚು ಗೊತ್ತು, ಕುರಿಕಟ್ಟು ಗೊತ್ತು, ಬಕೆಟ್ ಗೊತ್ತು. ಹಮಾಲಿ ಎಷ್ಟು ಹಿಡಿಯಬೇಕು, ಆಲೆಮನೆಯವರಿಗೆ ಸೀಸನ್ ಮುಂಚೆ ಕೊಟ್ಟ ಮುಂಗಡದಲ್ಲಿ ಈ ಸಲದ ಪಟ್ಟಿಯಿಂದ ಎಷ್ಟು ಮುರಿಯಬೇಕು, ಎಲ್ಲ ಗೊತ್ತು. ಮೌಸ್ ಬೇಡವೇ ಬೇಡ. ಗುಮಾಸ್ತರು ಕೀಬೋರ್ಡ್ ಕಡೆ ನೋಡದೆ, ರೈತರ ಜೊತೆ ಮಾತಾಡುತ್ತಲೇ ಪಟ್ಟಿ ಹೊಡೆಯುತ್ತಾರೆ, ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಾರ್ಬನ್ ಹಾಕಿದ ಮೂರು ಪ್ರತಿಯನ್ನು ಒಂದೇ ಏಟಿಗೆ ಕರಕರ ಅಂತ ಕೊಡುತ್ತದೆ. ಲೇಸರ್ ಪ್ರಿಂಟರ್‌ಗೆ ಈ ಕೆಲಸ ಆಗಲ್ಲ, ಯಾಕೆಂದರೆ ಅದು ಕಾಗದದ ಮೇಲೆ ಗುದ್ದುವುದೇ ಇಲ್ಲ.

ಹೊಸ ಸಾಫ್ಟ್‌ವೇರ್ ಅವರಿಗೆ ಯಾರೂ ತೋರಿಸಿಲ್ಲ ಅಂತಲ್ಲ. ತೋರಿಸಿದ್ದಾರೆ, ಹಾಕಿಸಿಯೂ ನೋಡಿದ್ದಾರೆ. ಜಿಎಸ್‌ಟಿ ಬಂತು 2017ರಲ್ಲಿ, ಅದಕ್ಕೆಂದು ಬೇರೆ ಕಂಪ್ಯೂಟರ್, ಬೇರೆ ಸಾಫ್ಟ್‌ವೇರ್ ತಗೊಂಡು ಆ ಕೆಲಸ ಅದರಲ್ಲೇ ಮಾಡುತ್ತಾರೆ. ಆದರೆ ಮಂಡಿಯ ಪಟ್ಟಿ ಮಾತ್ರ ಅದರಲ್ಲಿ ಕೂರುವುದಿಲ್ಲ. ಅಂಗಡಿ ಸಾಮಾನಿನ ಬಿಲ್ಲಿಗೆಂದು ಮಾಡಿದ ಸಾಫ್ಟ್‌ವೇರಿನಲ್ಲಿ ಮುಂಗಡ ಮುರಿಯುವ ಲೆಕ್ಕ ಎಲ್ಲಿ ಹುಡುಕುವುದು? ಹೊಸದಾಗಿ ಬರೆಸೋಣ ಅಂದರೆ ಈಗಿನವರು ಕೇಳುವ ದುಡ್ಡು ಬೇರೆ, ವರ್ಷ ವರ್ಷ ಬಾಡಿಗೆ ಕಟ್ಟಿ ಅನ್ನುವುದು ಬೇರೆ. ಮೊನ್ನೆ ಆ ಮೆಷಿನ್ ಎದ್ದೇಳದೆ ಹೋದಾಗ ಯಜಮಾನರು ಫೋನಿನಲ್ಲಿ ಹೇಳಿದ್ದಿಷ್ಟೇ: "ಏನಾರ ಮಾಡಿ ಇದನ್ನ ಎಬ್ಬಿಸಿಕೊಡಪ್ಪ. ಇಡೀ ಸೀಸನ್ ಲೆಕ್ಕ ಇದರೊಳಗೇ ಅದೆ."

ಆ ಮೆಷಿನ್‌ಗೆ ಏನಾಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಂಥ ಎಷ್ಟೋ ಮೆಷಿನ್‌ಗಳನ್ನು ಸುಮ್ನೆ ‘ಬೋರ್ಡ್ ಹೋಗಿದೆ’ ಅಂತ ಹೇಳಿ ಎಸೆಸುತ್ತಿದ್ದಾರೆ. ಕ್ಯಾಬಿನೆಟ್ ಬಿಚ್ಚಿ, ಬ್ಲೋಯರ್‌ನಿಂದ ಧೂಳು ಹೊಡೆದು, ಟಾರ್ಚ್ ಹಿಡಿದು ಪ್ರೊಸೆಸರ್ ಪಕ್ಕ ನೋಡಿದೆ. ಅಲ್ಲಿ ಸಾಲಾಗಿ ನಿಂತ ಕೆಪಾಸಿಟರ್‌ಗಳ, ಅಂದರೆ ಕರೆಂಟನ್ನು ಹಿಡಿದಿಟ್ಟು ಹದವಾಗಿ ಕೊಡುವ ಸಣ್ಣ ಡಬ್ಬಿಗಳ, ತಲೆ ಚಪ್ಪಟೆಯಾಗಿರಬೇಕು. ಮೂರರ ತಲೆ ಪೂರಿಯ ಹಾಗೆ ಉಬ್ಬಿತ್ತು, ಒಂದರ ತಲೆ ಸೀಳಿ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. 2000ದ ಆಸುಪಾಸಿನಲ್ಲಿ ತಯಾರಾದ ಬೋರ್ಡುಗಳಿಗೆ ಇದು ಪ್ರಪಂಚದಾದ್ಯಂತ ಬಡಿದ ಕಾಯಿಲೆ. ಕೆಪಾಸಿಟರ್ ಒಳಗಿನ ದ್ರಾವಣ ಸರಿಯಿಲ್ಲದೆ ಒಳಗೇ ಹೈಡ್ರೋಜನ್ ಅನಿಲ ಹುಟ್ಟಿ ಡಬ್ಬಿ ಉಬ್ಬುತ್ತದೆ, ಆಮೇಲೆ ಮೆಷಿನ್ ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗುತ್ತದೆ ಅಥವಾ ಏಳುವುದೇ ಇಲ್ಲ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ವೋಲ್ಟೇಜ್, 105 ಡಿಗ್ರಿ ತಾಳುವ, ಮದರ್‌ಬೋರ್ಡಿಗೆಂದೇ ಬರುವ ಕೆಪಾಸಿಟರ್ ಹಾಕಿ ಬೆಸುಗೆ ಮಾಡಿದರೆ ಬೋರ್ಡ್ ಮತ್ತೆ ಏಳುತ್ತದೆ. ಸಾಮಾನಿಗೆ ಆಗುವ ಖರ್ಚು ಏನೂ ಇಲ್ಲ. ಕೈಗೆ ತಾಳ್ಮೆ ಬೇಕು ಅಷ್ಟೇ.

ಕೆಲವು ಸಲ ಅಷ್ಟೂ ಬೇಕಾಗುವುದಿಲ್ಲ. ರ್‍ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಬಿಚ್ಚಿ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಬೀಪ್ ಬೀಪ್ ನಿಂತು ಪರದೆ ಬರುತ್ತದೆ. ಬೋರ್ಡ್ ಮೇಲಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ, ಅದನ್ನು ಗಮನಿಸದೆ ಬಿಲ್ ಹೊಡೆದರೆ ಇಡೀ ದಿನದ ಲೆಕ್ಕ ತಪ್ಪು ವರ್ಷದಲ್ಲಿ ಹೋಗಿ ಕೂರುತ್ತದೆ. ಇದಕ್ಕೂ ಕಂಪ್ಯೂಟರ್ ಹಾಳಾಗಿದೆ ಅಂತ ಹೊಸದು ಮಾರಿದವರನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ.

ಸರಿ, ಬೋರ್ಡ್ ರಿಪೇರಿ ಆಗುತ್ತದೆ. ಎಷ್ಟು ದಿನ? ಈ ಪ್ರಶ್ನೆ ನನಗೂ ಇದೆ, ಗಿರಾಕಿಗಳಿಗೂ ಇದೆ. ಆದರೂ ಹಾರ್ಡ್‌ವೇರಿನದೇ ನಿಜವಾದ ಸಮಸ್ಯೆ ಅಂತ ನಾನು ಹೇಳುವುದಿಲ್ಲ. ಡಾಸ್ ಪ್ರೋಗ್ರಾಂಗಳು 16 ಬಿಟ್‌ನವು, ಅಂದರೆ ಹಳೆ ಕಾಲದ ಪ್ರೊಸೆಸರ್‌ಗೆ ತಕ್ಕಂತೆ ಬರೆದವು. 64 ಬಿಟ್ ವಿಂಡೋಸ್ ಅವುಗಳನ್ನು ಓಡಿಸುವುದಿಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಆದರೂ ಡಾಸ್‌ಬಾಕ್ಸ್-ಎಕ್ಸ್, ವಿಡಾಸ್ ತರಹದ ಸಾಫ್ಟ್‌ವೇರ್ ಹಾಕಿದರೆ ಹೊಸ ಮೆಷಿನ್ ಒಳಗೇ ಒಂದು ಹಳೆ ಮೆಷಿನ್ ನಿಲ್ಲಿಸಿ ಫಾಕ್ಸ್‌ಪ್ರೋವನ್ನು ಓಡಿಸಬಹುದು, ಪ್ರಿಂಟೂ ತೆಗೆಯಬಹುದು. ಫಾಕ್ಸ್‌ಪ್ರೋ ಲೆಕ್ಕ ಇಡುವ ಡಿಬಿಎಫ್ ಫೈಲನ್ನು ಈಗಲೂ ಲಿಬ್ರೆ ಆಫೀಸ್ ಎಂಬ ಆಫೀಸ್ ಸಾಫ್ಟ್‌ವೇರ್ ತೆರೆಯುತ್ತದೆ, ಅದು ಪುಕ್ಕಟೆ ಸಿಗುತ್ತದೆ. ಯಾಕೆ ತೆರೆಯುತ್ತದೆ? ಆ ಫೈಲಿನೊಳಗೆ ಯಾವುದು ಎಲ್ಲಿದೆ ಅನ್ನುವುದು ಎಲ್ಲರಿಗೂ ಗೊತ್ತಿದೆ, ಅದಕ್ಕೆ. ಮಂಡಿಯ ಯಜಮಾನರು ಅದೃಷ್ಟವಂತರು.

ಎಲ್ಲರಿಗೂ ಆ ಅದೃಷ್ಟ ಇಲ್ಲ. ಮೈಸೂರಿನ ಲಗ್ನಪತ್ರಿಕೆ ಪ್ರೆಸ್‌ನವರನ್ನು ಕೇಳಿ ನೋಡಿ.

ಅಗ್ರಹಾರದ ಕಡೆ ನನಗೆ ಗೊತ್ತಿರುವ ಒಂದು ಸಣ್ಣ ಪ್ರೆಸ್ ಇದೆ. ಗಂಡ ಮೆಷಿನ್ ನೋಡಿಕೊಳ್ಳುತ್ತಾರೆ, ಹೆಂಡತಿ ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ ಮಾಡುತ್ತಾರೆ. ಮದುವೆ, ಗೃಹಪ್ರವೇಶ, ಜಾತ್ರೆಯ ಕರಪತ್ರ, ದೇವಸ್ಥಾನದ ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರಿನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಅದು ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ, ಅಂದರೆ ಈಗ ಮೊಬೈಲ್, ಇಂಟರ್‌ನೆಟ್ ಎಲ್ಲ ಕಡೆ ನಡೆಯುವ ಕನ್ನಡ, ಬರುವುದಿಲ್ಲ. ಅದರಲ್ಲಿ ಕನ್ನಡ ಮೂಡುವುದು ಹಳೆ ಫಾಂಟ್‌ಗಳಿಂದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳವು. ಆ ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ, ನಾನೂ ಬಳಸುತ್ತೇನೆ. ಆದರೆ ಅರ್ಕಾವತ್ತು, ಒತ್ತಕ್ಷರ ಬಂದ ಕಡೆ ಕೈಕೊಡುತ್ತವೆ, ಮತ್ತೆ ಒಂದೊಂದು ಸಾಲೂ ಓದಿ ತಿದ್ದಬೇಕು. ಒಂದು ಕಾರ್ಡಿಗಾದರೆ ಸರಿ. ಇಪ್ಪತ್ತು ವರ್ಷದ ಫೈಲುಗಳಿಗೆ?

ಪೇಜ್‌ಮೇಕರ್ ಮಾರುತ್ತಿದ್ದ ಅಡೋಬಿ ಕಂಪನಿಯದೇ ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್, ಸಿಎಸ್6 ಆವೃತ್ತಿಯ ತನಕ ಪೇಜ್‌ಮೇಕರ್ ಫೈಲ್ ತೆರೆಯುತ್ತಿತ್ತು. ಆಮೇಲಿನ ಆವೃತ್ತಿಗಳಲ್ಲಿ ಆ ಬಾಗಿಲನ್ನೂ ಮುಚ್ಚಿದರು.

ಇಷ್ಟು ಸಾಲದು ಅಂತ ಆ ಪ್ರೆಸ್‌ನ ಕನ್ನಡ ಸಾಫ್ಟ್‌ವೇರ್‌ಗೆ ಒಂದು ಡಾಂಗಲ್ ಇದೆ. ಡಿಟಿಪಿಯವರು ಅದನ್ನು ‘ಲಾಕ್’ ಅಂತಲೇ ಕರೆಯುತ್ತಾರೆ. ಬೆಂಕಿಪೊಟ್ಟಣದಷ್ಟು ಸಣ್ಣದು. ಕಂಪ್ಯೂಟರ್ ಹಿಂದೆ 25 ಪಿನ್ನಿನ ಪ್ಯಾರಲಲ್ ಪೋರ್ಟ್‌ಗೆ ಅದನ್ನು ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಸಿಕ್ಕಿಸಬೇಕು. ಅದು ಇದ್ದರೆ ಸಾಫ್ಟ್‌ವೇರ್ ಓಡುತ್ತದೆ, ಇಲ್ಲದಿದ್ದರೆ ಇಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿ ಅನ್ನುತ್ತಾರೆ ಗೊತ್ತಿಲ್ಲದವರು. ಆ ಕನ್ವರ್ಟರ್ ಪ್ರಿಂಟ್ ಮಾಡುವುದಕ್ಕೆ ಮಾತ್ರ. ಹಳೆ ಸಾಫ್ಟ್‌ವೇರ್ ನೇರವಾಗಿ 378 ಎಂಬ ಪೋರ್ಟ್ ವಿಳಾಸಕ್ಕೆ ಹೋಗಿ ಲಾಕ್ ಇದೆಯಾ ಅಂತ ತಡಕುತ್ತದೆ, ಕನ್ವರ್ಟರ್‌ನಲ್ಲಿ ಅಂಥ ವಿಳಾಸವೇ ಇರುವುದಿಲ್ಲ. ಪ್ಯಾರಲಲ್ ಪೋರ್ಟ್ ಇರುವ ಕಾರ್ಡನ್ನು ಬೋರ್ಡಿಗೇ ಸಿಕ್ಕಿಸಿದರೆ ಕೆಲವು ಸಲ ಆಗುತ್ತದೆ, ಕೆಲವು ಸಲ ಆಗಲ್ಲ.

ಆ ಪ್ರೆಸ್‌ನ ಲಾಕ್ ಈಗ ಸೋಲುತ್ತಿದೆ. ಅಲ್ಲಾಡಿಸಿ ಹಾಕಿದರೆ ಹಿಡಿಯುತ್ತದೆ, ಮಧ್ಯಾಹ್ನ ಮತ್ತೆ ಬಿಡುತ್ತದೆ. ಮಾರಿದ ಕಂಪನಿಗೆ ಆ ಅಕ್ಕ ಫೋನ್ ಮಾಡಿದರು. ಆ ಆವೃತ್ತಿ ನಿಲ್ಲಿಸಿ ವರ್ಷಗಳೇ ಆಯಿತು, ಹೊಸದು ಕೊಳ್ಳಿ, ಹಳೆಯ ಫೈಲುಗಳು ಅದರಲ್ಲಿ ತೆರೆಯುತ್ತವೆ ಅಂತ ಖಾತ್ರಿ ಕೊಡಲು ಆಗಲ್ಲ, ಅಂತ ಉತ್ತರ ಬಂತು. ಅವರು ದುಡ್ಡು ಕೊಟ್ಟು, ಬಿಲ್ ಪಡೆದು, ಲೈಸೆನ್ಸ್ ಇರುವ ಸಾಫ್ಟ್‌ವೇರ್ ತಗೊಂಡಿದ್ದರು. ಆಗ ಪಕ್ಕದ ಅಂಗಡಿಯವರು ಕಳ್ಳ ಕಾಪಿ ಹಾಕಿಕೊಂಡಿದ್ದರು, ಅವರಿಗೆ ಇವತ್ತು ಯಾವ ಲಾಕಿನ ಚಿಂತೆಯೂ ಇಲ್ಲ. ನ್ಯಾಯವಾಗಿ ನಡೆದುಕೊಂಡವರೇ ಸಿಕ್ಕಿಬಿದ್ದಿದ್ದಾರೆ. ಇದು ಸರಿನಾ?

ಇಂಥವರು ಎಲ್ಲ ಕಡೆ ಇದ್ದಾರೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ನಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಕಬ್ಬಿಣ ಕೊರೆಯುವ, ಪ್ರೋಗ್ರಾಂ ಹೇಳಿದಂತೆ ತಾನೇ ಕೆಲಸ ಮಾಡುವ ಸಿಎನ್‌ಸಿ ಮೆಷಿನ್ ಇರುತ್ತದೆ, ಅದಕ್ಕೆ ಪ್ರೋಗ್ರಾಂ ಕಳಿಸುವುದು 9 ಪಿನ್ನಿನ ಸೀರಿಯಲ್ ಕೇಬಲ್ ಹಾಕಿದ ಎಕ್ಸ್‌ಪಿ ಕಂಪ್ಯೂಟರ್. ಕಂಪ್ಯೂಟರ್ ಹಳೆಯದು ಅಂತ ಲಕ್ಷಾಂತರ ರೂಪಾಯಿಯ ಮೆಷಿನ್ ಬದಲಾಯಿಸಿ ಅನ್ನುವುದಕ್ಕೆ ಬಾಯಿ ಬರುತ್ತದಾ? ರಕ್ತ ಪರೀಕ್ಷೆಯ ಲ್ಯಾಬ್‌ಗಳಲ್ಲಿ, ವೇಬ್ರಿಡ್ಜ್‌ಗಳಲ್ಲಿ, ಫ್ಲಾಪಿಯಿಂದ ಡಿಸೈನ್ ಓದುವ ಕಸೂತಿ ಮೆಷಿನ್‌ಗಳಲ್ಲಿ ಇದೇ ಕತೆ. ಫ್ಲಾಪಿಯ ಜಾಗದಲ್ಲಿ ಪೆನ್‌ಡ್ರೈವ್ ಹಾಕುವ ಎಮ್ಯುಲೇಟರ್ ಸಿಗುತ್ತದೆ, ಅದು ದೊಡ್ಡ ಉಪಕಾರ.

ಭದ್ರತೆಯ ಮಾತು ಬರುತ್ತದೆ, ಬರಲೇಬೇಕು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಪಿಡುಗು ಬಂದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ಒಂದು ತೇಪೆ ಬಿಡಬೇಕಾಯಿತು. ಹಾಗಾಗಿ ನಾನು ಗಿರಾಕಿಗಳಿಗೆ ಖಡಾಖಂಡಿತವಾಗಿ ಹೇಳುತ್ತೇನೆ, ಹಳೆ ಮೆಷಿನ್‌ಗೆ ಇಂಟರ್‌ನೆಟ್ ಕೊಡಬೇಡಿ. ವೈಫೈ ಬೇಡ, ಕೇಬಲ್ ಬೇಡ, ಮಗನ ಮೊಬೈಲ್ ಚಾರ್ಜ್ ಮಾಡಲೂ ಸಿಕ್ಕಿಸಬೇಡಿ. ಬ್ಯಾಂಕ್, ಜಿಎಸ್‌ಟಿ, ಇಮೇಲ್ ಎಲ್ಲ ಬೇರೆ ಕಂಪ್ಯೂಟರ್‌ನಲ್ಲಿ ಮಾಡಿ. ಹಳೆಯದು ತನ್ನ ಒಂದು ಕೆಲಸ ಮಾಡಿಕೊಂಡು ಮೂಲೆಯಲ್ಲಿರಲಿ. ಹೀಗೆ ಇಟ್ಟುಕೊಂಡವರ ಮೆಷಿನ್‌ಗಳು ಚೆನ್ನಾಗಿಯೇ ನಡೆಯುತ್ತಿವೆ.

ಈಗ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ. ಸಾಫ್ಟ್‌ವೇರ್ ಮಾರುವವರು ಅದನ್ನು ನಿಲ್ಲಿಸುವ ದಿನ, ಅದರ ಲಾಕ್ ಬಿಚ್ಚಿ ಹೋಗಬೇಕು. ಲಾಕ್ ಇಲ್ಲದೆ ಓಡುವ ಒಂದು ಕೊನೆಯ ಪ್ರತಿಯನ್ನು ದುಡ್ಡು ಕೊಟ್ಟ ಗಿರಾಕಿಗೆ ಕೊಡಬೇಕು. ಡೇಟಾ ಫೈಲಿನೊಳಗೆ ಯಾವುದು ಎಲ್ಲಿದೆ ಅನ್ನುವ ವಿವರವನ್ನು ಒಂದು ಹಾಳೆಯಲ್ಲಾದರೂ ಬರೆದುಕೊಡಬೇಕು. ಅವರಿಗೆ ಇದರಿಂದ ಏನು ನಷ್ಟ? ಮಾರುವುದನ್ನೇ ಬಿಟ್ಟಿದ್ದಾರೆ. ಲೆಕ್ಕ ಗಿರಾಕಿಯದು, ಲಗ್ನಪತ್ರಿಕೆ ಪ್ರೆಸ್‌ನವರದು, ಅದನ್ನು ತೆರೆಯುವ ಬೀಗದ ಕೈ ಮಾತ್ರ ಕೈಚೆಲ್ಲಿ ಕೂತ ಇನ್ಯಾರದೋ ಜೇಬಿನಲ್ಲಿ.

ಕಾನೂನು ಗಿರಾಕಿಯ ಕಡೆ ಇಲ್ಲವೇ ಇಲ್ಲ ಅಂತೇನಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ, ನ್ಯಾಯವಾಗಿ ಪಡೆದ ಸಾಫ್ಟ್‌ವೇರನ್ನು ಯಾವ ಕೆಲಸಕ್ಕೆ ಕೊಟ್ಟಿದ್ದರೋ ಆ ಕೆಲಸಕ್ಕೆ ಬಳಸಲು ಪ್ರತಿ ಮಾಡಿಕೊಳ್ಳುವುದು, ಹಾಳಾದೀತು ಅಂತ ಬ್ಯಾಕಪ್ ತೆಗೆದಿಟ್ಟುಕೊಳ್ಳುವುದು ಉಲ್ಲಂಘನೆ ಅಲ್ಲ ಎಂದಿದೆ. ಆದರೆ ಲಾಕ್ ಇದ್ದರೆ ಆ ಪ್ರತಿ ಇಟ್ಟುಕೊಂಡು ಏನು ಮಾಡುವುದು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ಲೂ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆಯ ಉಪಕರಣ, ವಾಹನ, ಇವುಗಳ ಬಗ್ಗೆ ಅಲ್ಲಿ ಮಾತಾಡಿದ್ದಾರೆ, ಸಂತೋಷ. ಸಣ್ಣ ಅಂಗಡಿಯ ಸಾಫ್ಟ್‌ವೇರಿನ ಮಾತನ್ನೂ ಅಲ್ಲಿಗೆ ತರಬೇಕು. ಮೈಸೂರು, ಮಂಡ್ಯದ ವರ್ತಕರ ಸಂಘಗಳು, ಮುದ್ರಕರ ಸಂಘಗಳು ಒಂದು ಮನವಿ ಬರೆದರೆ ಸಂಸದರು ತೆಗೆದುಕೊಂಡು ಹೋಗುವುದಿಲ್ಲವೇ? ಸಹಕಾರ ಸಂಘಗಳು, ಪಂಚಾಯಿತಿಗಳು ಹೊಸ ಸಾಫ್ಟ್‌ವೇರ್ ತಗೊಳ್ಳುವಾಗ ‘ನಾಳೆ ನೀವಿಲ್ಲದಿದ್ದರೆ ನಮ್ಮ ಡೇಟಾ ನಮಗೆ ಹೇಗೆ ಸಿಗುತ್ತದೆ’ ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಹಾಕಿಬಿಡಲಿ. ಇದು ದುಡ್ಡು ಖರ್ಚಾಗುವ ಕೆಲಸ ಅಲ್ಲ.

ಅಲ್ಲಿಯ ತನಕ ಹಳೆ ಮೆಷಿನ್ ಇಟ್ಟುಕೊಂಡ ನನ್ನ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. ಮೆಷಿನ್ ನಡೆಯುತ್ತಿರುವಾಗಲೇ ಹಾರ್ಡ್ ಡಿಸ್ಕಿನ ಪೂರ್ತಿ ಇಮೇಜ್ ತೆಗೆಸಿ. ಬರೀ ಫೋಲ್ಡರ್ ಕಾಪಿ ಮಾಡಿದರೆ ಸಾಲದು, ಪ್ರೋಗ್ರಾಂ, ಫಾಂಟ್, ಸೆಟ್ಟಿಂಗ್ ಎಲ್ಲ ಸೇರಿ ಇಡೀ ಡಿಸ್ಕಿನ ಪ್ರತಿ ಬೇಕು. ಎರಡು ಕಡೆ ಇಡಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಡಿಸ್ಕ್ ಟಕ್ ಟಕ್ ಅನ್ನಲು ಶುರುಮಾಡಿದರೆ ತಕ್ಷಣ ಆಫ್ ಮಾಡಿ. ಅಂಥ ಡಿಸ್ಕಿನ ಮೇಲೆ ವಿಂಡೋಸ್‌ನ ಡಿಸ್ಕ್ ಪರೀಕ್ಷೆ ಚೆಕ್‌ಡಿಸ್ಕ್ ಓಡಿಸಬೇಡಿ, ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ಹೊರೆ, ಉಳಿದದ್ದೂ ಹೋಗುತ್ತದೆ. ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಗೊತ್ತಿರುವ ರಿಪೇರಿಯವರ ಹತ್ತಿರ ಕೊಡಿ. ಇಮೇಜ್ ಒಂದು ಕೈಯಲ್ಲಿದ್ದರೆ ಅಡಾಪ್ಟರ್ ಹಾಕಿ ಹೊಸ ಡಿಸ್ಕಿಗೆ ಇಳಿಸಬಹುದು, 137 ಜಿಬಿಗಿಂತ ದೊಡ್ಡದನ್ನು ಎಷ್ಟೋ ಹಳೆ ಬಯೋಸ್‌ಗಳು, ಅಂದರೆ ಸ್ವಿಚ್ ಹಾಕಿದೊಡನೆ ಮೊದಲು ಏಳುವ ಬೋರ್ಡಿನ ಪ್ರೋಗ್ರಾಂಗಳು, ಪೂರ್ತಿ ಗುರುತಿಸುವುದಿಲ್ಲ ಎಂಬುದು ನೆನಪಿರಲಿ. ಸಾಫ್ಟ್‌ವೇರಿನ ಹಳೆ ಸಿಡಿ, ಫ್ಲಾಪಿ, ಬಿಲ್ಲು, ಸೀರಿಯಲ್ ನಂಬರ್ ಬರೆದ ಚೀಟಿ, ಯಾವುದನ್ನೂ ಎಸೆಯಬೇಡಿ. ಬಿಲ್ಲಿದ್ದರೆ ನಾಳೆ ಕೇಳುವುದಕ್ಕೆ ಒಂದು ಹಕ್ಕಾದರೂ ಇರುತ್ತದೆ.

ಈ ಕೆಲಸ ಕಲಿಯುವ ಹುಡುಗರು ಕಡಿಮೆ ಆಗುತ್ತಿದ್ದಾರೆ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಐಟಿಐ, ಪಾಲಿಟೆಕ್ನಿಕ್ ಮುಗಿಸಿ ಬರುವವರಿಗೆ ಹೊಸ ಲ್ಯಾಪ್‌ಟಾಪ್‌ನ ಪರದೆ ಬದಲಿಸುವುದು ಬರುತ್ತದೆ, ಹಳೆ ಬೋರ್ಡ್, ಡಿಸ್ಕ್‌ಗಳ ಪಿನ್ನಿಗೆ ಸಿಕ್ಕಿಸಿ ಸೆಟ್ಟಿಂಗ್ ಬದಲಿಸುವ ಜಂಪರ್ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ತಪ್ಪು ಅವರದಲ್ಲ, ತೋರಿಸಿಕೊಟ್ಟವರೇ ಇಲ್ಲ. ಮೈಸೂರಿನ ಯಾವುದಾದರೂ ಕಾಲೇಜು ತನ್ನ ಲ್ಯಾಬಿನ ಒಂದು ಮೂಲೆ ಕೊಟ್ಟರೆ, ಭಾನುವಾರ ಬಂದು ಕೆಪಾಸಿಟರ್ ಬದಲಿಸುವುದು, ಇಮೇಜ್ ತೆಗೆಯುವುದು, ಡಾಸ್‌ಬಾಕ್ಸ್-ಎಕ್ಸ್‌ಗೆ ಹಳೆ ಪ್ರೋಗ್ರಾಂ ಕೂರಿಸುವುದು ಹೇಳಿಕೊಡಲು ನಾನು ತಯಾರಿದ್ದೇನೆ. ದುಡ್ಡು ಬೇಡ. ನನ್ನ ಹಾಗೆ ಬರಲು ತಯಾರಿರುವ ಇನ್ನೂ ಕೆಲವರು ಈ ಊರಿನಲ್ಲಿದ್ದಾರೆ.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. ವಿಂಡೋಸ್ 11 ಹಿಡಿಯಲ್ಲ ಅಂತ ಈಗ ಮನೆ, ಆಫೀಸು, ಶಾಲೆಗಳಿಂದ ಕಂಪ್ಯೂಟರುಗಳು ರಾಶಿ ರಾಶಿ ಹೊರಗೆ ಬರುತ್ತಿವೆ, ಅವುಗಳ ಜೊತೆ ಅಟ್ಟದ ಮೇಲಿದ್ದ ಇನ್ನೂ ಹಳೆಯವೂ ಇಳಿಯುತ್ತಿವೆ. ಪ್ಯಾರಲಲ್ ಪೋರ್ಟ್ ಇರುವ ಬೋರ್ಡ್, ಹಳೆ ಬಗೆಯ ಐಡಿಇ ಹಾರ್ಡ್ ಡಿಸ್ಕ್, ಅದರ ಅಗಲದ ಪಟ್ಟಿ ಕೇಬಲ್, ಫ್ಲಾಪಿ ಡ್ರೈವ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೆಡ್, ಇಂಥದ್ದು ಏನಿದ್ದರೂ ಗುಜರಿಯವರಿಗೆ ತೂಕಕ್ಕೆ ಹಾಕುವ ಮುಂಚೆ ಹತ್ತಿರದ ರಿಪೇರಿ ಅಂಗಡಿಯಲ್ಲಿ ಒಮ್ಮೆ ಕೇಳಿ. ನಿಮ್ಮ ಡೇಟಾ ಅಳಿಸಿಕೊಡಿ ಅಂದರೆ ಅಳಿಸಿಕೊಡುತ್ತಾರೆ.

ಇಂತಿ,
ಒಬ್ಬ ಕಂಪ್ಯೂಟರ್ ರಿಪೇರಿಯವ,
ಶಿವರಾಂಪೇಟೆ, ಮೈಸೂರು